ದಕ್ಕೆಯಲ್ಲೊಂದು ನೋಟ್‌ಬುಕ್: ನಿಮ್ಮೂರಿನಲ್ಲಿ ದೋಣಿ ಸುರಕ್ಷತೆಯ ತಂಡ ಕಟ್ಟುವ ಬಗೆ

ನಮ್ಮೂರಿನ ಕಡವಿನ ದೋಣಿಯಲ್ಲಿ, ಹಿಂದಿನ ಹಲಗೆಯ ಅಡಿಯಲ್ಲಿ, ಒಂದು ಗೋಣಿಚೀಲ ಯಾವಾಗಲೂ ಇರುತ್ತಿತ್ತು. ಬಾಯಿಗೆ ನೈಲಾನ್ ಹುರಿಯ ಗಂಟು. ಅದರಲ್ಲಿ ಲೈಫ್ ಜಾಕೆಟ್‌ಗಳಿವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಿಚ್ಚಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಒಂದು ಭಾನುವಾರ ನಾಲ್ಕು ಜನ ಸೇರಿ ಗಂಟು ಬಿಚ್ಚಲು ಕುಳಿತೆವು. ಉಪ್ಪುಗಾಳಿಗೆ ಹುರಿ ಕಲ್ಲಾಗಿತ್ತು. ಕೊನೆಗೆ ಮೀನು ಕೊಯ್ಯುವ ಕತ್ತಿಯಿಂದ ಕತ್ತರಿಸಿ ತೆಗೆದೆವು. ಒಳಗಿದ್ದದ್ದು 11 ಜಾಕೆಟ್. ಎರಡರ ಫೋಮನ್ನು ಇಲಿ ಕೊರೆದಿತ್ತು. ನಾಲ್ಕರ ಬಕಲ್ ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ. ಉಳಿದ ಐದನ್ನು ಕೆರೆಗೆ ಒಯ್ದು, ಒಂದೊಂದಕ್ಕೂ ಮರಳಿನ ಚೀಲ ಕಟ್ಟಿ ನೀರಿಗೆ ಬಿಟ್ಟೆವು. ಮೂರು ತೇಲಿದವು. ಒಂದು ಅರ್ಧ ಮುಳುಗಿ ನಿಂತಿತು. ಇನ್ನೊಂದು ಸದ್ದಿಲ್ಲದೆ ತಳಕ್ಕೆ ಹೋಯಿತು. ಆ ದೋಣಿಯಲ್ಲಿ ಪ್ರತಿದಿನ ಶಾಲೆಯ ಮಕ್ಕಳು ನದಿ ದಾಟುತ್ತಿದ್ದರು.

ನಮ್ಮ ತಂಡ ಹುಟ್ಟಿದ್ದು ಆ ಕೆರೆಯ ಮೆಟ್ಟಿಲ ಮೇಲೆ. ಕಡಲಂಚಿನಲ್ಲೋ ಹೊಳೆದಂಡೆಯಲ್ಲೋ ಹಿನ್ನೀರಿನ ಬದಿಯಲ್ಲೋ ಇರುವವರು ನಿಮ್ಮಲ್ಲೂ ಇಂಥದ್ದೊಂದು ತಂಡ ಕಟ್ಟಬೇಕು ಎಂಬ ಆಸೆಯಿಂದ ಈ ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ಸಮವಸ್ತ್ರ ಬೇಡ, ದೊಡ್ಡ ಹಣ ಬೇಡ. ದಕ್ಕೆಯಲ್ಲಿ, ಅಂದರೆ ದೋಣಿ ಬಂದು ನಿಂತು ಹೊರಡುವ ಜಾಗದಲ್ಲಿ, ಪ್ರತಿದಿನ ನಿಲ್ಲುವ, ಎಲ್ಲರಿಗೂ ಪರಿಚಯವಿರುವ ಕೆಲವು ಮುಖಗಳು ಬೇಕು. ಹೊರಡುವವರ ತಲೆ ಎಣಿಸುವವರು ಅವರೇ, ಹಿಂದಿರುಗದ ದೋಣಿಯನ್ನು ಮೊದಲು ಗಮನಿಸುವವರೂ ಅವರೇ. ಗುರುತಿಲ್ಲದ ದೋಣಿಯೊಂದು ದಡ ಸೇರಿದರೆ ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಸುರಕ್ಷತೆ ಒಂದು ಕೆಲಸ, ಕಾವಲು ಇನ್ನೊಂದು ಕೆಲಸ ಎಂದು ನಾನು ಬೇರೆ ಮಾಡುವುದಿಲ್ಲ. ದಕ್ಕೆಯಲ್ಲಿ ನಿಂತು ನೋಡಿದರೆ ಎರಡೂ ಒಂದೇ.

ಮೊದಲು ಜನ

ಈಜು ಬರುವ ಹುಡುಗರನ್ನು ಒಟ್ಟುಹಾಕಿದರೆ ಸಾಕು ಎಂದು ಎಲ್ಲರೂ ಶುರುವಿಗೆ ಅಂದುಕೊಳ್ಳುತ್ತಾರೆ. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಈಜುಗಾರರು ಬೇಕು, ನಿಜ. ಆದರೆ ತಂಡದ ಬೆನ್ನೆಲುಬು ಬೇರೆಯವರು. ಕಡಲಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲಿರುವ ಹಿರಿಯ ತಾಂಡೇಲರೊಬ್ಬರನ್ನು, ಅಂದರೆ ಬೋಟು ನಡೆಸುತ್ತಿದ್ದ ಮುಖ್ಯಸ್ಥರೊಬ್ಬರನ್ನು, ಹುಡುಕಿ ಕರೆತನ್ನಿ. ಗಾಳಿ ಯಾವ ಕಡೆಯಿಂದ ಎದ್ದರೆ ನಿಮ್ಮ ಅಳಿವೆ (ಹೊಳೆ ಕಡಲು ಸೇರುವ ಬಾಯಿ) ಕೆಡುತ್ತದೆ ಎಂಬುದು ಅವರ ನೆನಪಿನಲ್ಲಿರುತ್ತದೆ. ಅವರು ಹೇಳಿದರೆ ಬೇರೆ ದೋಣಿಯವರು ಕೇಳುತ್ತಾರೆ. ಮೀನು ಮಾರುವ ಹೆಂಗಸರನ್ನು ಮರೆಯಲೇಬೇಡಿ. ಯಾವ ಬೋಟು ಎಷ್ಟು ಹೊತ್ತಿಗೆ ಬಂತು, ಯಾವುದು ಇನ್ನೂ ಬಂದಿಲ್ಲ, ಯಾರ ಬೋಟಿನಲ್ಲಿ ಹೊಸ ಕಲಾಸಿ (ಬೋಟಿನ ಕೆಲಸಗಾರ) ಇದ್ದಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ದಕ್ಕೆಯ ಚಹಾ ಅಂಗಡಿಯವರು, ಮಂಜುಗಡ್ಡೆ ಕಾರ್ಖಾನೆಯ ರಾತ್ರಿ ಪಾಳಿಯವರು, ಕಡವಿನ ದೋಣಿ ನಡೆಸುವವರು ಇದ್ದರೆ ತಂಡ ಗಟ್ಟಿಯಾಗುತ್ತದೆ. ಹತ್ತು ಹನ್ನೆರಡು ಜನ ಸಾಕು.

ಸಭೆಗೆ ಭಜನಾ ಮಂದಿರವೋ ಮೀನುಗಾರರ ಸಹಕಾರ ಸಂಘದ ಕಟ್ಟೆಯೋ ಒಳ್ಳೆಯದು. ಪಂಚಾಯಿತಿ ಕಚೇರಿಯಲ್ಲಿ ಕರೆದರೆ ಅರ್ಧ ಜನ ಬರುವುದಿಲ್ಲ.

ಆಮೇಲೆ ಠಾಣೆ

ಎರಡನೆಯ ಹೆಜ್ಜೆಯನ್ನು ತಡಮಾಡಬೇಡಿ. ಕರ್ನಾಟಕದ ಕರಾವಳಿಯಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಕರಾವಳಿ ಕಾವಲು ಪೊಲೀಸರ 9 ಠಾಣೆಗಳಿವೆ, ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ನಿಮ್ಮ ವ್ಯಾಪ್ತಿಯ ಠಾಣೆಗೆ ಇಬ್ಬರು ಮೂವರು ಹೋಗಿ, ತಂಡದವರ ಹೆಸರು ಮತ್ತು ಫೋನ್ ನಂಬರಿನ ಪಟ್ಟಿ ಕೊಟ್ಟು ಬನ್ನಿ. ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಯಾರನ್ನೂ ತಡೆಯುವ, ಹಿಡಿಯುವ, ಚೀಲ ಬಿಚ್ಚಿ ನೋಡುವ ಅಧಿಕಾರ ನಿಮಗಿಲ್ಲ. ಇದನ್ನು ಮೊದಲ ದಿನವೇ ತಂಡದ ಪ್ರತಿಯೊಬ್ಬರಿಗೂ ಹೇಳಿ. ಹುಡುಗರ ಕೈಗೆ ಟಾರ್ಚು ಸೀಟಿ ಬಂದ ಕೂಡಲೇ ಅಧಿಕಾರವೂ ಬಂತೆಂಬ ಭ್ರಮೆ ಹುಟ್ಟುವುದುಂಟು.

ಮೀನುಗಾರಿಕೆ ದೋಣಿಗಳ ನೋಂದಣಿ ಮೀನುಗಾರಿಕೆ ಇಲಾಖೆಯದು. ಪ್ರಯಾಣಿಕರನ್ನು ಒಯ್ಯುವ ದೋಣಿಗಳ ವಿಷಯಕ್ಕೆ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕಚೇರಿಗೆ ಹೋಗಿ. ಹೊಳೆ, ಹಿನ್ನೀರುಗಳಲ್ಲಿ ಯಂತ್ರದ ದೋಣಿ ಓಡಿಸಲು 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ನೋಂದಣಿ, ತಪಾಸಣೆ, ಜೀವರಕ್ಷಕ ಸಾಧನ ಎಲ್ಲವೂ ಬೇಕು. ಹಳೆಯದಾದ 1917ರ ಕಾಯ್ದೆಯ ಜಾಗಕ್ಕೆ ಬಂದದ್ದು ಅದು. ಆಪದ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನಗಳ ವಿಪತ್ತು ತರಬೇತಿ ಕೊಡುತ್ತಾರೆ; ನಿಮ್ಮ ತಂಡದ ಇಬ್ಬರಿಗಾದರೂ ಅದು ಸಿಗುವಂತೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ.

ಮೂರು ನಂಬರುಗಳನ್ನು ದಕ್ಕೆಯ ಗೋಡೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆಸಿ: ಕರಾವಳಿ ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554, ಉಳಿದೆಲ್ಲ ತುರ್ತಿಗೆ 112. ಫ್ಲೆಕ್ಸ್ ಬೇಡ, ಒಂದು ಮಳೆಗಾಲಕ್ಕೆ ಹರಿದುಹೋಗುತ್ತದೆ. ಬಣ್ಣದಲ್ಲೇ ಬರೆಸಿ.

ನೋಟ್‌ಬುಕ್

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇನ್ನೂರು ಪುಟದ ಒಂದು ನೋಟ್‌ಬುಕ್. ನಮ್ಮದು ಚಹಾ ಅಂಗಡಿಯ ಕಂಬಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಚೀಲದೊಳಗೆ ಇದೆ. ಪೆನ್ನನ್ನು ಬಲೆಯ ನೂಲಿನಿಂದ ಅದಕ್ಕೇ ಕಟ್ಟಿದ್ದೇವೆ. ಇಲ್ಲದಿದ್ದರೆ ಒಂದು ದಿನವೂ ಉಳಿಯುವುದಿಲ್ಲ. ಪ್ರತಿ ಸಾಲಿನಲ್ಲಿ ದೋಣಿಯ ಹೆಸರು ಮತ್ತು ನೋಂದಣಿ ಸಂಖ್ಯೆ, ಒಳಗಿರುವ ಜನ ಎಷ್ಟು, ಹೊರಟ ಹೊತ್ತು, ಯಾವ ದಿಕ್ಕಿಗೆ, ಯಾವಾಗ ಹಿಂದಿರುಗುವ ಅಂದಾಜು, ತಾಂಡೇಲರ ಫೋನು, ಮನೆಯವರೊಬ್ಬರ ಫೋನು. ಹಿಂದೆ ಬಂದ ಮೇಲೆ ಆ ಸಾಲಿಗೆ ಗೆರೆ ಎಳೆಯುವುದು.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೇಕೆ ಒತ್ತು ಕೊಡುತ್ತೇನೆ ಎಂದರೆ, ಕಡಲಲ್ಲಿ ಹುಡುಕುವವರಿಗೆ ಮೊದಲು ಬೇಕಾಗುವುದು ಎಲ್ಲಿ, ಎಷ್ಟು ಹೊತ್ತಿನಿಂದ, ಎಷ್ಟು ಜನ ಎಂಬ ಮೂರು ಉತ್ತರ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಿನಲ್ಲಿ. ಆ ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಹೇಗೆ ಕಳೆದಿರಬಹುದು ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನೋಟ್‌ಬುಕ್ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆಳಸಮುದ್ರದ ವಿಷಯವೇ ಬೇರೆ. ಆದರೆ ನಮ್ಮ ಊರಿನ ನಾಡದೋಣಿಯೊಂದು ಹೊತ್ತಿಗೆ ಬಾರದೆ ಇದ್ದಾಗ ನಾವು ಹುಡುಕಲು ಶುರುಮಾಡುವುದು ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ಆ ಸಾಲು ತೀರ್ಮಾನಿಸುತ್ತದೆ.

ಮೊದಲ ಒಂದೆರಡು ವಾರ ಯಾರೂ ಬರೆಯುವುದಿಲ್ಲ. "ನಾವು ಹುಟ್ಟಿದಾಗಿನಿಂದ ಕಡಲಿಗೆ ಹೋಗುತ್ತಿದ್ದೇವೆ, ನಿನ್ನ ಪುಸ್ತಕದಲ್ಲಿ ಹೆಸರು ಬರೆಸಬೇಕೇ?" ಎಂಬ ಮಾತು ಕೇಳಬೇಕಾಗುತ್ತದೆ. ವಾದ ಮಾಡಬೇಡಿ. ನೀವೇ ನಿಂತು, ನೋಡಿ, ಬರೆದುಕೊಳ್ಳಿ. ಸಂಜೆ ದೋಣಿ ಬಂದಾಗ ಅವರ ಎದುರೇ ಗೆರೆ ಎಳೆಯಿರಿ. ತಡವಾದ ದಿನ ಮನೆಗೆ ಫೋನು ಮಾಡಿ. ನಮ್ಮಲ್ಲಿ ಒಬ್ಬ ತಾಯಿ ಒಂದು ಸಂಜೆ ನೋಟ್‌ಬುಕ್ ಹತ್ತಿರ ಬಂದು, ಮಗನ ದೋಣಿಯ ಸಾಲಿನ ಮೇಲೆ ಬೆರಳಿಟ್ಟು, "ಇದಕ್ಕೆ ಯಾಕೆ ಗೆರೆ ಎಳೆದಿಲ್ಲ ಮಗಾ?" ಎಂದು ಕೇಳಿದರು. ದೋಣಿ ಅಷ್ಟರಲ್ಲಿ ಆಚೆ ದಡ ಮುಟ್ಟಿತ್ತು, ನಮಗೆ ಸುದ್ದಿ ಬಂದಿರಲಿಲ್ಲ ಅಷ್ಟೆ. ಆ ದಿನದಿಂದ ಆ ಹುಡುಗ ತಾನೇ ಬಂದು ಬರೆಸುತ್ತಾನೆ.

ದಂಡವಿಲ್ಲದ ತಪಾಸಣೆ

ಅಮೆರಿಕದಲ್ಲಿ ಕೋಸ್ಟ್ ಗಾರ್ಡ್ ಆಕ್ಸಿಲಿಯರಿ ಎಂಬ ಸ್ವಯಂಸೇವಕರ ಪಡೆಯೊಂದು 1939ರಿಂದ ಇದೆ. ಅವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ದೋಣಿಯ ಮಾಲೀಕರು ಕರೆದರೆ ಸ್ವಯಂಸೇವಕರು ಬಂದು ದೋಣಿಯನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಎಲ್ಲ ಸರಿ ಇದ್ದರೆ ಆ ವರ್ಷದ ಸ್ಟಿಕ್ಕರ್ ಅಂಟಿಸುತ್ತಾರೆ. ಕೊರತೆ ಇದ್ದರೆ ಏನು ಸರಿಪಡಿಸಬೇಕು ಎಂದು ಹೇಳಿಹೋಗುತ್ತಾರೆ, ದಂಡ ಹಾಕುವುದಿಲ್ಲ. ನಾವು ಇದನ್ನೇ ನಮ್ಮ ಮಟ್ಟಕ್ಕೆ ಇಳಿಸಿಕೊಂಡೆವು. ತಪ್ಪು ತೋರಿಸಿದರೆ ಕೇಸು ಬೀಳುತ್ತದೆ ಎಂಬ ಹೆದರಿಕೆ ಇಲ್ಲದಿದ್ದರೆ ಜನ ಗೋಣಿಚೀಲವನ್ನು ತಾವೇ ಬಿಚ್ಚಿ ತೋರಿಸುತ್ತಾರೆ.

ಜಾಕೆಟ್ಟಿನಿಂದ ಆರಂಭಿಸಿ. ಒಳಗಿನ ಚೀಟಿಯಲ್ಲಿ ನ್ಯೂಟನ್ ಎಂಬ ಅಳತೆ ಇರುತ್ತದೆ. 50 ನ್ಯೂಟನ್ ಇರುವುದು ಈಜು ಬರುವವರಿಗೆ, ದಡದ ಹತ್ತಿರದ ನೀರಿಗೆ ಮಾತ್ರ. 100 ನ್ಯೂಟನ್ ಎಂದರೆ ಸುಮಾರು 10 ಕಿಲೋ ಭಾರವನ್ನು ನೀರಿನ ಮೇಲೆ ಎತ್ತಿ ಹಿಡಿಯುವ ಬಲ. ಈಜು ಬಾರದ ಪ್ರಯಾಣಿಕರಿಗೆ ಕನಿಷ್ಠ ಇದು ಬೇಕು. ಹೊರಕಡಲಿಗೆ 150. ಚೀಟಿಯೇ ಇಲ್ಲದ, ಸಂತೆಯಲ್ಲಿ ಸಿಗುವ ತೆಳ್ಳನೆಯ ಕಿತ್ತಳೆ ಬಣ್ಣದ ಅಂಗಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೊಡಿಸಿದ ಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ, ನೀರಿನಲ್ಲಿ ಅದು ತಲೆಯಿಂದ ಕಳಚಿಹೋಗುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಕಾಲುಗಳ ನಡುವೆ ಕಟ್ಟುವ ಪಟ್ಟಿ ಇರಲೇಬೇಕು. ವರ್ಷಕ್ಕೊಮ್ಮೆ ಎಲ್ಲವನ್ನೂ ಕೆರೆಗೆ ಒಯ್ದು ತೇಲಿಸಿ ನೋಡಿ. ಬಳಸಿದ ಮೇಲೆ ಸಿಹಿನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿದರೆ ಹಲವು ವರ್ಷ ಬಾಳುತ್ತವೆ.

ಮತ್ತೆ, ಜಾಕೆಟ್ ಇರಬೇಕಾದ ಜಾಗ ಮೈಮೇಲೆ. ದೋಣಿ ಮಗುಚುವ ಹೊತ್ತಿಗೆ ಹಲಗೆಯ ಅಡಿಯಿಂದ ಎಳೆದು ತೊಡಲು ಯಾರಿಗೂ ಸಮಯ ಸಿಗುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ತೀರಿಹೋದರು. ಕಾರವಾರದ ಹೆಸರು ಬಂದಾಗಲೆಲ್ಲ ನನಗೆ ಆ ಜಾತ್ರೆಯೇ ನೆನಪಾಗುತ್ತದೆ. ಗುಜರಾತಿನ ವಡೋದರದ ಕೆರೆಯಲ್ಲಿ 2024ರ ಜನವರಿ 18ರಂದು ಶಾಲಾ ಪ್ರವಾಸದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಮುಳುಗಿದರು. ಅದು ಕಡಲಲ್ಲ, ನದಿಯೂ ಅಲ್ಲ, ಊರ ನಡುವಿನ ಕೆರೆ. ಬಹಳಷ್ಟು ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ.

ಆಮೇಲೆ ಭಾರ. ಪ್ರಯಾಣಿಕರ ದೋಣಿಯ ಪ್ರಮಾಣಪತ್ರದಲ್ಲಿ ಎಷ್ಟು ಜನ ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು ದೋಣಿಯ ಎರಡೂ ಪಕ್ಕದಲ್ಲಿ, ಹತ್ತುವವರ ಕಣ್ಣಿಗೆ ರಾಚುವಂತೆ ಬರೆಸಿ. ಅಷ್ಟು ಜನ ಕುಳಿತಾಗ ನೀರು ಎಲ್ಲಿಗೆ ಬರುತ್ತದೋ ಅಲ್ಲೊಂದು ಕೆಂಪು ಗೆರೆ ಎಳೆಯಿರಿ. ಗೆರೆ ಮುಳುಗಿದ ದೋಣಿ ಹೊರಡಬಾರದು. ಲೆಕ್ಕ ಬಾರದವರಿಗೂ ಗೆರೆ ಅರ್ಥವಾಗುತ್ತದೆ. ಪ್ರಮಾಣಪತ್ರವೇ ಇಲ್ಲದ ಮೀನುಗಾರಿಕೆ ದೋಣಿಯಲ್ಲಿ ಪ್ರವಾಸಿಗರನ್ನು ಒಯ್ಯುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಕೇರಳದ ತಾನೂರಿನಲ್ಲಿ 2023ರ ಮೇ 7ರ ಸಂಜೆ 22 ಜನರನ್ನು ಮುಳುಗಿಸಿದ್ದು ಮೀನುಗಾರಿಕೆಯ ಬೋಟನ್ನೇ ಮಾರ್ಪಡಿಸಿ ಮಾಡಿದ ಪ್ರವಾಸಿ ಬೋಟು. ಕೆಳಗೆ ಮೀನು ಮತ್ತು ಮಂಜುಗಡ್ಡೆಯ ಭಾರ ಹೊರಲು ಕಟ್ಟಿದ ದೋಣಿಗೆ ಮೇಲೊಂದು ಮಹಡಿ ಕಟ್ಟಿ ಜನರನ್ನು ನಿಲ್ಲಿಸಿದರೆ ಅದರ ಭಾರವೆಲ್ಲ ಮೇಲಕ್ಕೆ ಏರುತ್ತದೆ. ಸ್ವಲ್ಪ ವಾಲಿದರೂ ಮತ್ತೆ ನೆಟ್ಟಗಾಗುವ ಶಕ್ತಿ ಉಳಿಯುವುದಿಲ್ಲ. ಜನ ಒಂದೇ ಪಕ್ಕಕ್ಕೆ ಸರಿದರಂತೂ ಮುಗಿಯಿತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ ಸತ್ತದ್ದು ಪ್ರವಾಸಿಗರ ದೋಣಿ ಮಗುಚಿಯೇ. ಹಾಗಾಗಿ ದೋಣಿ ಬಿಡುವ ಮೊದಲು ಒಂದು ಮಾತು ಹೇಳುವುದನ್ನು ರೂಢಿ ಮಾಡಿಸಿ: "ಡಾಲ್ಫಿನ್ ಕಂಡರೂ ಯಾರೂ ಏಳಬೇಡಿ, ದೋಣಿಯನ್ನೇ ನಾನು ತಿರುಗಿಸುತ್ತೇನೆ."

ಉಳಿದದ್ದನ್ನು ಬೇಗ ನೋಡಿ ಮುಗಿಸಬಹುದು. ಎಂಜಿನ್ ಕೈಕೊಟ್ಟರೆ ಹುಟ್ಟು ಇದೆಯೇ, ಲಂಗರಿಗೆ ಸಾಕಷ್ಟು ಹಗ್ಗ ಇದೆಯೇ, ನೀರು ಮೊಗೆಯುವ ಡಬ್ಬಿ ಇದೆಯೇ, ಟಾರ್ಚು, ಸೀಟಿ, ನೀರು ಸೇರದಂತೆ ಮುಚ್ಚಿಟ್ಟ ಮೊಬೈಲು, ಕುಡಿಯುವ ನೀರು. ಹೊರಎಂಜಿನ್ ನಡೆಸುವವರ ಮಣಿಕಟ್ಟಿಗೆ ಕಟ್ಟುವ ಹುರಿಯೊಂದಿರುತ್ತದೆ, ಮನುಷ್ಯ ನೀರಿಗೆ ಬಿದ್ದ ಕೂಡಲೇ ಅದು ಎಂಜಿನನ್ನು ನಿಲ್ಲಿಸುತ್ತದೆ. ಹೆಚ್ಚಿನವರು ಅದನ್ನು ಎಂಜಿನ್ನಿಗೇ ಸುತ್ತಿಟ್ಟಿರುತ್ತಾರೆ. ಬಿಚ್ಚಿ ಕೈಗೆ ಕಟ್ಟಿಸಿ.

ದೂರ ಹೋಗುವ ಬೋಟುಗಳಲ್ಲಿ ವಿಎಚ್‌ಎಫ್ ರೇಡಿಯೊ ಸಾಮಾನ್ಯವಾಗಿ ಇರುತ್ತದೆ, ಆದರೆ ತಾಂಡೇಲರೊಬ್ಬರಿಗೇ ಅದನ್ನು ಬಳಸಲು ಗೊತ್ತಿರುತ್ತದೆ. ತಾಂಡೇಲರೇ ನೀರಿಗೆ ಬಿದ್ದರೆ? ಪ್ರತಿಯೊಬ್ಬ ಕಲಾಸಿಗೂ ಇಷ್ಟನ್ನು ಕಲಿಸಿ: 16ನೇ ಚಾನೆಲ್ ಹಾಕಬೇಕು, ಜೀವಾಪಾಯದ ಕರೆಯಾದ ಮೇಡೇ ಎಂಬ ಮಾತನ್ನು ಮೂರು ಸಲ ಹೇಳಬೇಕು, ಬೋಟಿನ ಹೆಸರನ್ನು ಮೂರು ಸಲ ಹೇಳಬೇಕು, ಎಲ್ಲಿದ್ದೇವೆ, ಏನಾಗಿದೆ, ಎಷ್ಟು ಜನ ಇದ್ದೇವೆ ಎಂದು ಹೇಳಿ ಗುಂಡಿ ಬಿಟ್ಟು ಕೇಳಿಸಿಕೊಳ್ಳಬೇಕು. ಜೀವಕ್ಕೆ ಅಪಾಯ ಇಲ್ಲದಾಗ ಆ ಮಾತನ್ನು ಬಳಸಲೇಬಾರದು. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬೋಟುಗಳಲ್ಲಿ ಒಡಿಶಾ, ಆಂಧ್ರ, ಜಾರ್ಖಂಡಿನ ಹುಡುಗರು ಬಹಳ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಈ ನಾಲ್ಕು ಸಾಲನ್ನು ಬರೆದು ರೇಡಿಯೊ ಪಕ್ಕದಲ್ಲೇ ಅಂಟಿಸಿ. ಇಸ್ರೋ ರೂಪಿಸಿದ ಡ್ಯಾಟ್ ಎಂಬ ಉಪಕರಣ ಇದ್ದರೆ ಇನ್ನೂ ಒಳ್ಳೆಯದು. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಬೋಟು ಇರುವ ಜಾಗ ಕೋಸ್ಟ್ ಗಾರ್ಡಿಗೆ ತಿಳಿಯುತ್ತದೆ, ಹೊಸ ಮಾದರಿಯಲ್ಲಿ ಕರೆ ತಲುಪಿತು ಎಂಬ ಮರುಸಂದೇಶವೂ ಬರುತ್ತದೆ. ಬ್ಯಾಟರಿ ಇದೆಯೇ ಎಂದು ಮಾತ್ರ ನೋಡಿ.

ಬೇಡ ಎನ್ನುವ ಕಲೆ

ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ಜಾತ್ರೆ, ರಜೆ, ಮದುವೆ ದಿಬ್ಬಣದ ದಿನ ದಡದಲ್ಲಿ ನೂಕುನುಗ್ಗಲು. ಎಲ್ಲರಿಗೂ ಮೊದಲ ದೋಣಿಯಲ್ಲೇ ಹೋಗಬೇಕು. ದೋಣಿಯವರಿಗೂ ಅದು ವರ್ಷದ ದುಡಿಮೆಯ ದಿನ. ಆಗ ಕೂಗಾಡಿ ಪ್ರಯೋಜನವಿಲ್ಲ. ಜನರನ್ನು ದೋಣಿಯ ಬಾಯಿಗೆ ಬರಲು ಬಿಡದೆ ಹಿಂದೆಯೇ ಹಗ್ಗ ಕಟ್ಟಿ ಸಾಲು ಮಾಡಿ, ದೋಣಿಯಲ್ಲಿ ಎಷ್ಟು ಜಾಕೆಟ್ ಇದೆಯೋ ಅಷ್ಟನ್ನು ಆ ಸಾಲಿನಲ್ಲೇ ಹಂಚಿ. ಜಾಕೆಟ್ ಮುಗಿದಲ್ಲಿಗೆ ಆ ಟ್ರಿಪ್ಪಿನ ಜನ ಮುಗಿದರು. "ನಿಮಗೆ ಜಾಗವಿಲ್ಲ" ಎಂದು ಯಾರಿಗೂ ಹೇಳಬೇಕಾಗುವುದಿಲ್ಲ. ನಾವು ಕಂಡುಕೊಂಡ ಉಪಾಯಗಳಲ್ಲಿ ನನಗೆ ತೀರ ಮೆಚ್ಚಿಕೆಯಾದದ್ದು ಇದೇ. ಕುಡಿದವರನ್ನು ಹತ್ತಿಸಬೇಡಿ, ಕುಡಿದ ಚಾಲಕನ ದೋಣಿಗೆ ಯಾರನ್ನೂ ಬಿಡಬೇಡಿ. ಸೂರ್ಯ ಮುಳುಗಿದ ಮೇಲೆ ಪ್ರವಾಸಿ ದೋಣಿ ಬೇಡವೇ ಬೇಡ.

ಹವಾಮಾನದ ವಿಷಯದಲ್ಲಿ ಎರಡು ಕಡೆ ನೋಡಿ. ಹವಾಮಾನ ಇಲಾಖೆ ಗಾಳಿ ಮಳೆಯ ಎಚ್ಚರಿಕೆ ಕೊಡುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ ಮತ್ತು ದೂರದಿಂದ ಬರುವ ದೊಡ್ಡ ಅಲೆಗಳ ಮುನ್ಸೂಚನೆ ಕೊಡುತ್ತದೆ. ಆಕಾಶ ತಿಳಿಯಾಗಿ, ಗಾಳಿಯೇ ಇಲ್ಲದಿದ್ದರೂ ಸಾವಿರಾರು ಮೈಲಿ ಆಚೆಯ ಬಿರುಗಾಳಿ ಎಬ್ಬಿಸಿದ ಅಲೆ ನಮ್ಮ ದಂಡೆಗೆ ಬಂದು ಅಪ್ಪಳಿಸುವುದುಂಟು. ಬೆಳಿಗ್ಗೆ ಎರಡನ್ನೂ ನೋಡಿ ನೋಟ್‌ಬುಕ್ಕಿನ ಆ ದಿನದ ಪುಟದ ನೆತ್ತಿಯಲ್ಲಿ ಬರೆಯಿರಿ. ಆಮೇಲೆ ನಿಮ್ಮ ಹಿರಿಯ ತಾಂಡೇಲರನ್ನು ಕೇಳಿ. ಅಳಿವೆಯಲ್ಲಿ ಇಳಿತದ ನೀರು ಹೊರಕ್ಕೆ ರಭಸದಿಂದ ಹೋಗುವಾಗ ಎದುರಿನಿಂದ ಅಲೆ ಬಂದರೆ ಎರಡೂ ಡಿಕ್ಕಿ ಹೊಡೆದು ಅಲೆ ಗೋಡೆಯಂತೆ ಎದ್ದು ಮುರಿಯುತ್ತದೆ. ನೀರು ತಿರುಗುವವರೆಗೆ ಕಾದು ಭರತದ (ಏರುವ) ನೀರಿನಲ್ಲಿ ದಾಟಿದರೆ ಅದೇ ಅಳಿವೆ ಸೌಮ್ಯವಾಗಿರುತ್ತದೆ. ದಡದ ಹತ್ತಿರ ಬಂದೆವೆಂಬ ನೆಮ್ಮದಿಯಲ್ಲಿ ಅಷ್ಟು ಹೊತ್ತು ಕಾಯದೆ ದೋಣಿ ಕಳೆದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ.

ನೀರಿಗೆ ಬಿದ್ದವರನ್ನು ತೆಗೆಯುವುದು

ಮುಳುಗುತ್ತಿರುವವರು ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಾಗ ಕೂಗಲು ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಏರಿಳಿಯುತ್ತ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿದ್ದರೆ ಅವರು ಮುಳುಗುತ್ತಿದ್ದಾರೆ. ಇದನ್ನು ತಂಡದವರಿಗೆಲ್ಲ ಅಭಿನಯಿಸಿ ತೋರಿಸಿ.

ಹಾರಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮುಳುಗುವವರು ಸಿಕ್ಕಿದ್ದನ್ನು ಅಪ್ಪಿ ಕೆಳಕ್ಕೆ ಎಳೆಯುತ್ತಾರೆ, ಒಂದು ಸಾವು ಎರಡಾಗುತ್ತದೆ. ಹತ್ತಿರವಿದ್ದರೆ ಉದ್ದನೆಯ ಕೋಲು ಚಾಚಿ, ದೂರವಿದ್ದರೆ ಎಸೆಯಿರಿ, ಇನ್ನೂ ದೂರವಿದ್ದರೆ ದೋಣಿ ತೆಗೆದುಕೊಂಡು ಹೋಗಿ. ಎಸೆಯುವ ಸಾಧನವನ್ನು ಮನೆಯಲ್ಲೇ ಮಾಡಬಹುದು. 5 ಲೀಟರಿನ ಖಾಲಿ ಎಣ್ಣೆ ಕ್ಯಾನಿನೊಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿಯಿರಿ. ಆ ನೀರು ಇಲ್ಲದಿದ್ದರೆ ಗಾಳಿಗೆ ಕ್ಯಾನು ಹಿಂದಕ್ಕೇ ಬರುತ್ತದೆ. ಹಿಡಿಗೆ 15ರಿಂದ 20 ಮೀಟರ್ ಹಗ್ಗ ಕಟ್ಟಿ. ನೈಲಾನ್ ಬೇಡ, ಅದು ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ಎಸೆಯುವಾಗ ಅವರ ತಲೆಯ ಆಚೆಗೆ ಹೋಗುವಂತೆ ಎಸೆದು ಹಗ್ಗ ಅವರ ಕೈಗೆ ತಾಗುವಂತೆ ಎಳೆದುಕೊಳ್ಳಿ. ದಕ್ಕೆಯಲ್ಲಿ ಇಂಥವು ನಾಲ್ಕು ನೇತಾಡುತ್ತಿರಲಿ. ಭಾನುವಾರ ಹುಡುಗರಿಗೆ ಎಸೆಯುವ ಪಂದ್ಯ ಇಡಿ.

ದಡಕ್ಕೆ ತಂದ ಮೇಲೆ ನಮ್ಮಲ್ಲಿ ಇವತ್ತಿಗೂ ನಡೆಯುವ ತಪ್ಪು ಎಂದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು. ಅದು ಬೇಡ. ಆ ನೀರು ಹೊಟ್ಟೆಯದು, ಹೊರಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯವಾದ ನಿಮಿಷಗಳೂ ಹೋಗುತ್ತವೆ. ಉಸಿರಿಲ್ಲದಿದ್ದರೆ ಒಬ್ಬರು 112ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅವರನ್ನು ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡು ಸಲ ಉಸಿರು ಊದಬೇಕು. ಆಮೇಲೆ ಎದೆಯ ನಡುವೆ ಎರಡೂ ಕೈಗಳಿಂದ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಬೇಕು, ಮತ್ತೆ ಎರಡು ಉಸಿರು. ಸಹಾಯ ಬರುವವರೆಗೆ ಬಿಡಬಾರದು. ಎದ್ದು ಕುಳಿತು "ಏನಾಗಿಲ್ಲ" ಎಂದರೂ ಆಸ್ಪತ್ರೆಗೆ ಕಳಿಸಿ. ಉಸಿರಾಟ ಕೆಲವು ಗಂಟೆಗಳ ನಂತರ ಕೆಡುವುದುಂಟು. ಓದಿ ಕಲಿಯುವ ವಿದ್ಯೆ ಇದಲ್ಲ. ಆರೋಗ್ಯ ಕೇಂದ್ರದವರನ್ನು ಕರೆಸಿ ಬೊಂಬೆಯ ಮೇಲೆ ಎಲ್ಲರೂ ಕೈಯಾರೆ ಮಾಡಿ ಕಲಿಯಿರಿ.

ಕಣ್ಣು ತೆರೆದಿರುವುದು

2008ರ ನವೆಂಬರ್ 26ರ ರಾತ್ರಿ ಮುಂಬೈಗೆ ಬಂದ ಉಗ್ರರು ಪೋರಬಂದರಿನ ಕುಬೇರ್ ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ ಬಂದವರು. ರಬ್ಬರ್ ದೋಣಿಯಲ್ಲಿ ದಡ ಸೇರಿದ್ದು ಕೊಲಾಬಾದ ಮೀನುಗಾರರ ಬಡಾವಣೆಯಲ್ಲಿ. ಅವರನ್ನು ಮೊದಲು ಕಂಡದ್ದು, ಯಾರು ನೀವು ಎಂದು ಕೇಳಿದ್ದು ಅಲ್ಲಿನ ಮೀನುಗಾರರೇ. ದಡದವರ ಕಣ್ಣಿಗೆ ಬಿದ್ದದ್ದು ಹತ್ತು ನಿಮಿಷದಲ್ಲಿ ಸರಿಯಾದ ಕಿವಿಗೆ ತಲುಪುವ ದಾರಿ ಇರಬೇಕು ಎಂಬುದಕ್ಕೇ ನಾನು ಠಾಣೆಯ ಭೇಟಿಯನ್ನು ಎರಡನೆಯ ಹೆಜ್ಜೆಯಾಗಿ ಇಟ್ಟದ್ದು.

ಏನನ್ನು ಗಮನಿಸಬೇಕು? ನಮ್ಮ ಕರಾವಳಿಯ ಮೀನುಗಾರಿಕೆ ದೋಣಿಗಳ ನೋಂದಣಿ ಸಂಖ್ಯೆ ಐಎನ್‌ಡಿ, ಕೆಎ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಸಂಖ್ಯೆಯೇ ಇಲ್ಲದ, ಅಳಿಸಿದ, ಹೊಸದಾಗಿ ಬಳಿದ ದೋಣಿ. ದಕ್ಕೆ ಬಿಟ್ಟು ನಿರ್ಜನ ತೀರದಲ್ಲಿ ಅಪರಾತ್ರಿ ಸರಕು ಇಳಿಸುವವರು. ಬಲೆಯೇ ಇಲ್ಲದೆ ದಿನಗಟ್ಟಲೆ ಒಂದೇ ಕಡೆ ನಿಂತ ಬೋಟು. ದುಪ್ಪಟ್ಟು ಬಾಡಿಗೆ ಕೊಟ್ಟು ಚಾಲಕ ಬೇಡ, ದೋಣಿ ಮಾತ್ರ ಸಾಕು ಎನ್ನುವವರು. ಗಸ್ತು ಯಾವ ಹೊತ್ತಿಗೆ ಬರುತ್ತದೆ ಎಂದು ವಿಚಾರಿಸುವವರು. ಕಾರವಾರದ ನೌಕಾನೆಲೆಯ ಸುತ್ತಮುತ್ತ ಮರೆಯಲ್ಲಿ ಚಿತ್ರ ತೆಗೆಯುವವರು. ಕಂಡದ್ದನ್ನು ದೂರದಿಂದ ನೋಡಿ, ಹೊತ್ತು, ಜಾಗ, ದೋಣಿಯ ಬಣ್ಣ, ಜನ ಎಷ್ಟು, ಯಾವ ಕಡೆ ಹೋದರು ಎಂದು ಬರೆದುಕೊಂಡು 1093ಕ್ಕೆ ಕರೆ ಮಾಡಿ. ಹತ್ತಿರ ಹೋಗಬೇಡಿ, ಬೆನ್ನಟ್ಟಬೇಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಅನುಮಾನ ನಡವಳಿಕೆಯ ಮೇಲೆ ಇರಲಿ, ಮುಖದ ಮೇಲೆ ಬೇಡ. ಹಿಂದಿ, ಒಡಿಯಾ, ತೆಲುಗು ಮಾತನಾಡುವ, ಬೇರೆ ಧರ್ಮದ, ಬಡ ಬಟ್ಟೆಯ ಮನುಷ್ಯ ದಕ್ಕೆಯಲ್ಲಿ ಕುಳಿತಿದ್ದಾನೆ ಎಂಬುದು ಸುದ್ದಿಯಲ್ಲ. ನಮ್ಮ ಬೋಟುಗಳು ಓಡುವುದೇ ಅಂಥವರ ದುಡಿಮೆಯಿಂದ. ಒಮ್ಮೆ ತಂಡದ ಹೊಸ ಹುಡುಗನೊಬ್ಬ ರಾತ್ರಿ ನಮ್ಮ ಭಾಷೆ ಬಾರದ ಇಬ್ಬರು ಕಲಾಸಿಗಳನ್ನು ನಿಲ್ಲಿಸಿ ಗದರಿಸಿದ. ಮರುದಿನ ಅವನನ್ನು ಕರೆದುಕೊಂಡು ಹೋಗಿ ಅವರಲ್ಲಿ ಕ್ಷಮೆ ಕೇಳಿಸಿದೆವು. ಆಮೇಲೆ ನಮಗೆ ಹೊರಕಡಲಿನ ಸುದ್ದಿ ಮೊದಲು ತರುವವರೇ ಆ ಇಬ್ಬರಾದರು.

ದಡಕ್ಕೆ ತೇಲಿಬರುವ ವಸ್ತುಗಳ ಬಗ್ಗೆಯೂ ಎಚ್ಚರ ಬೇಕು. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯ ಆಚೆ ಮುಳುಗಿತು. ಅದರಲ್ಲಿದ್ದ 640 ಕಂಟೇನರುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು, ಕೆಲವದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ನೀರು ತಾಗಿದರೆ ಅದು ಬೆಂಕಿ ಹತ್ತುವ ಅನಿಲ ಬಿಡುತ್ತದೆ. ಕಂಟೇನರುಗಳು ಕೇರಳದ ದಂಡೆಗೆ ತೇಲಿಬಂದಾಗ 200 ಮೀಟರ್ ದೂರ ಇರಿ, 112ಕ್ಕೆ ತಿಳಿಸಿ ಎಂದು ಅಲ್ಲಿನ ಸರ್ಕಾರ ಸಾರಬೇಕಾಯಿತು. ಪೀಪಾಯಿ, ಪೆಟ್ಟಿಗೆ, ಗುರುತಿಲ್ಲದ ಸಿಲಿಂಡರ್ ಯಾವುದೇ ಬಂದರೂ ನಿಮ್ಮ ನಿಯಮ ಅದೇ ಇರಲಿ. ಮಕ್ಕಳಿಗೆ ಇದನ್ನು ಶಾಲೆಗೇ ಹೋಗಿ ಹೇಳಿ.

ಮಳೆಗಾಲದ ಕೆಲಸ, ದಿನದ ಕೆಲಸ

ಜೂನ್ 1ರಿಂದ ಜುಲೈ 31ರವರೆಗೆ, ಯಂತ್ರದ ಬೋಟುಗಳು ದಡದಲ್ಲಿರುವ 61 ದಿನ, ತಂಡಕ್ಕೆ ಸುಗ್ಗಿ. ಎಲ್ಲರೂ ಊರಿನಲ್ಲಿರುತ್ತಾರೆ, ಬಲೆ ಹೆಣೆಯುತ್ತ ಕುಳಿತಿರುತ್ತಾರೆ. ಜಾಕೆಟ್ ತೇಲಿಸಿ ನೋಡುವುದು, ರೇಡಿಯೊ ಕಲಿಸುವುದು, ಎದೆ ಒತ್ತುವ ತರಬೇತಿ ಎಲ್ಲವನ್ನೂ ಆಗ ಇಟ್ಟುಕೊಳ್ಳಿ. ಜುಲೈ 25 ವಿಶ್ವಸಂಸ್ಥೆಯ ಮುಳುಗುವಿಕೆ ತಡೆ ದಿನ. ನಮ್ಮ ಹೊಳೆಗಳು ತುಂಬಿ ಹರಿಯುವ ಕಾಲವೂ ಅದೇ, ಶಾಲೆಗಳಿಗೆ ಹೋಗಲು ಒಳ್ಳೆಯ ನೆಪ. ಮೀನುಗಾರಿಕೆ ಶುರುವಾದ ಮೇಲೆ ಪೊಲೀಸರು ಮತ್ತು ಕೋಸ್ಟ್ ಗಾರ್ಡಿನವರು ಸಾಗರ ಕವಚ ಅಣಕು ಕಾರ್ಯಾಚರಣೆ ನಡೆಸಿದಾಗ ನಿಮ್ಮ ತಂಡವನ್ನೂ ಸೇರಿಸಿಕೊಳ್ಳಲು ಠಾಣೆಯಲ್ಲಿ ಕೇಳಿ.

ದಿನದ ಕೆಲಸ ಮುಗಿಯುವುದು ಕತ್ತಲಾದ ಮೇಲೆ. ಪಾಳಿಯಲ್ಲಿರುವವರು ಚಹಾ ಅಂಗಡಿ ಮುಚ್ಚುವ ಮೊದಲು ಟಾರ್ಚು ಹಿಡಿದು ನೋಟ್‌ಬುಕ್ಕಿನ ಪುಟವನ್ನು ಮೇಲಿನಿಂದ ಕೆಳಗೆ ಓದಬೇಕು. ಗೆರೆ ಎಳೆಯದ ಸಾಲು ಉಳಿದಿದ್ದರೆ ತಾಂಡೇಲರಿಗೆ ಫೋನು, ಉತ್ತರವಿಲ್ಲದಿದ್ದರೆ ಮನೆಗೆ ಫೋನು, ಅಲ್ಲೂ ತಿಳಿಯದಿದ್ದರೆ ಪಕ್ಕದ ದಕ್ಕೆಯ ತಂಡಕ್ಕೆ ಫೋನು. ಅಂದಾಜು ಹೊತ್ತಿಗಿಂತ ಒಂದು ತಾಸು ಮೀರಿದ್ದರೆ 1093 ಮತ್ತು 1554 ಎರಡಕ್ಕೂ ಕರೆ ಮಾಡಿ, ಆ ಸಾಲಿನಲ್ಲಿರುವುದನ್ನು ಇದ್ದಂತೆಯೇ ಓದಿ ಹೇಳಬೇಕು. ಅವರು ಬಂದು ತಲುಪುವವರೆಗೆ ಫೋನಿನ ಪಕ್ಕದಿಂದ ಏಳಬಾರದು.